ಕಡಲಕಳೆಯ ಸಕ್ಕರೆಸರಕ್ಕೆ ಕಿಣ್ವದ ಕೈಕೆಲಸ

ಕೇಳುಗರಿಗೆ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ಕಾರವಾರದ ಕಡಲಂಚಿನ ಬಂಡೆಗಳ ಮೇಲೆ ಕಂದು ಬಣ್ಣದ, ಪುಟ್ಟ ಗಾಳಿಗುಳ್ಳೆಗಳಿರುವ ಒಂದು ಕಡಲಕಳೆ ಬೆಳೆಯುತ್ತದೆ. ಅದರ ಹೆಸರು ಸರ್ಗಾಸಂ. ಅದರಿಂದ ಆಲ್ಜಿನೇಟ್ ಎಂಬ ಅಂಟುವಸ್ತುವನ್ನು ತೆಗೆಯುತ್ತಾರೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಕಲಸುವ ಪುಡಿಯಲ್ಲಿಯೂ ಗಾಯಕ್ಕೆ ಕಟ್ಟುವ ಕೆಲವು ಪಟ್ಟಿಗಳಲ್ಲಿಯೂ ಇರುವುದು ಇದೇ.

ಎಲ್ಲಿ ಮಾತನಾಡಿದರೂ ನನಗೆ ಎದುರಾಗುವ ಪ್ರಶ್ನೆ, ಯಾವ ಕಳೆ ಒಳ್ಳೆಯದು ಎಂಬುದು. ದಯವಿಟ್ಟು ಆ ಪ್ರಶ್ನೆಯನ್ನು ಬದಿಗಿಡಿ. ಕಳೆಯ ಜಾತಿಗಿಂತ ಅದರೊಳಗಿನ ಸಕ್ಕರೆಗಳ ಸಾಲು ಮುಖ್ಯ. ಆಲ್ಜಿನೇಟ್ ಎಂದರೆ ಎರಡೇ ಬಗೆಯ ಸಕ್ಕರೆ ಆಮ್ಲಗಳ ಉದ್ದನೆಯ ಸರ. ಒಂದು ಮ್ಯಾನ್ಯುರಾನಿಕ್, ಇನ್ನೊಂದು ಗುಲುರಾನಿಕ್. ಗುಲುರಾನಿಕ್ ಸಾಲಾಗಿ ಬಂದಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಎರಡು ಸರಗಳ ನಡುವೆ ಕುಳಿತು ಬಿಗಿಯುವುದರಿಂದ ಗಟ್ಟಿಯಾದ ಜೆಲ್ ಸಿಗುತ್ತದೆ. ಮ್ಯಾನ್ಯುರಾನಿಕ್ ಹೆಚ್ಚಿದ್ದರೆ ಜೆಲ್ ಮೆತ್ತಗಾಗುತ್ತದೆ. ಎರಡೂ ಒಂದುಬಿಟ್ಟೊಂದು ಬಂದರೆ ಸರಕ್ಕೆ ಬಳುಕುವ ಗುಣ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಮುಂದೆ ಈ ವಿಷಯವನ್ನು ಹೇಳುತ್ತ, ಸಾಲನ್ನು ಬದಲಿಸುವ ಕಿಣ್ವ ಸಿಕ್ಕಿದ್ದು ಅಜಟೋಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಎಂದೆ. ಹಿರಿಯರೊಬ್ಬರು ಎದ್ದು ನಿಂತು, “ಅದು ನಾವು ಗೊಬ್ಬರದ ಜೊತೆ ತೋಟಕ್ಕೆ ಹಾಕುವ ಜೀವಾಣುವಲ್ಲವೇ? ಅದಕ್ಕೂ ಕಡಲಿಗೂ ಏನು ಸಂಬಂಧ?” ಎಂದು ಕೇಳಿದರು. ಅಷ್ಟು ಸರಿಯಾದ ಪ್ರಶ್ನೆಯನ್ನು ನಾನು ವಿದ್ಯಾರ್ಥಿಗಳಿಂದಲೂ ಕೇಳಿರಲಿಲ್ಲ. ಮಣ್ಣು ಒಣಗಿದಾಗ ಈ ಜೀವಾಣು ತನ್ನ ಸುತ್ತ ಒಂದು ಕವಚವನ್ನು ಕಟ್ಟಿಕೊಂಡು ನಿದ್ರಿಸುತ್ತದೆ. ಆ ಕವಚದಲ್ಲಿ ಆಲ್ಜಿನೇಟ್ ಇರುತ್ತದೆ. ಮೊದಲು ಅದು ಬರೀ ಮ್ಯಾನ್ಯುರಾನಿಕ್ ಸರವನ್ನೇ ಹೆಣೆಯುತ್ತದೆ, ಆಮೇಲೆ ಹೊರಗೆ ಕಿಣ್ವಗಳನ್ನು ಬಿಟ್ಟು ಬೇಕಾದಲ್ಲೆಲ್ಲ ಗುಲುರಾನಿಕ್ ಆಗಿಸುತ್ತದೆ. ನಮ್ಮ ಪೇಟೆಯಲ್ಲಿ ಮಾರುವ ದಂಡೆಯನ್ನು ಬಿಚ್ಚದೆಯೇ, ಕಟ್ಟಿದ ಮಲ್ಲಿಗೆಯನ್ನು ದಾರದಲ್ಲಿಯೇ ಅಬ್ಬಲಿಗೆಯಾಗಿ ಮಾಡಿದಂತೆ ಎಂದಾಗ ಆ ಹಿರಿಯರು, “ಹಾಗಾದರೆ ದಾರ ತುಂಡಾಗುವುದಿಲ್ಲ” ಎಂದರು. ವಿಷಯದ ತಿರುಳೇ ಅದು. ಸರ ತುಂಡಾದರೆ ಜೆಲ್ಲಿನ ಬಲ ಹೋಗುತ್ತದೆ. ಸಕ್ಕರೆಯನ್ನು ಬದಲಿಸುವ ಈ ಕೆಲಸದಲ್ಲಿ ಸರ ತುಂಡಾಗುವುದಿಲ್ಲ.

ನಾರ್ವೆಯ ಹೌಗ್ ಮತ್ತು ಲಾರ್ಸೆನ್ ಇದನ್ನು 1969ರ ಸುಮಾರಿಗೆ ತೋರಿಸಿದರು. ಅಲ್ಲಿಂದ ಮುಂದೆ ಇಂಥ ಏಳು ಕಿಣ್ವಗಳು ಪತ್ತೆಯಾದವು. ನಾಲ್ಕನೆಯದು ಒಂದುಬಿಟ್ಟೊಂದನ್ನು ಬದಲಿಸಿದರೆ, ಆರನೆಯದು ಗುಲುರಾನಿಕ್‌ನ ಉದ್ದ ಸಾಲನ್ನೇ ಮಾಡುತ್ತದೆ. ಪ್ರತಿ ಕಿಣ್ವದಲ್ಲೂ ಕೆಲಸ ಮಾಡುವ ಭಾಗ ಬೇರೆ, ಅದಕ್ಕೆ ನೆರವಾಗುವ ಭಾಗ ಬೇರೆ. ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಅಥವಾ ಕೆಲಸದ ಜಾಗದಲ್ಲಿರುವ ಅಮೈನೋ ಆಮ್ಲವೊಂದನ್ನು ಬದಲಿಸಿ, ನಮಗೆ ಬೇಕಾದ ಸಾಲನ್ನು ಬರೆಯುವ ಕಿಣ್ವವನ್ನು ವಿಜ್ಞಾನಿಗಳು ಈಗ ರೂಪಿಸುತ್ತಾರೆ. ಮತ್ತೆ ಹೇಳುತ್ತೇನೆ, ಕಳೆಯನ್ನಲ್ಲ, ಸಾಲನ್ನು ನೋಡಿ. ಮೆತ್ತನೆಯ ಜೆಲ್ ಕೊಡುವ ಅಗ್ಗದ ಆಲ್ಜಿನೇಟ್ ಕೂಡ ಕಿಣ್ವದ ಕೆಲಸದ ನಂತರ ಗಟ್ಟಿ ಜೆಲ್ ಕೊಡಬಲ್ಲದು.

ಕೆಂಪು ಕಳೆಗಳ ಕ್ಯಾರಗೀನನ್ ಎಂಬ ಸಕ್ಕರೆಸರದ ಬಗ್ಗೆ ಹೇಳಬೇಕೆಂದಿದ್ದೆ, ವೇಳೆ ಕಡಿಮೆಯಾಗಿದೆ. ಅದರಲ್ಲಿಯೂ ಒಂದು ಗಂಧಕದ ಗುಂಪನ್ನು ತೆಗೆದರೆ ಸರ ಜೆಲ್ ಕಟ್ಟುತ್ತದೆ. ಕಾರ್ಖಾನೆಗಳು ಅದಕ್ಕೆ ಬಿಸಿ ಕ್ಷಾರವನ್ನು ಸುರಿಯುತ್ತವೆ. ಕಳೆಯಾದರೋ ಅದೇ ಕೆಲಸವನ್ನು ತನ್ನದೇ ಕಿಣ್ವದಿಂದ, ತಣ್ಣನೆಯ ಕಡಲ ನೀರಿನಲ್ಲಿ ಮಾಡಿ ಮುಗಿಸುತ್ತದೆ. ನಮಸ್ಕಾರ.