ಓವನ್ ಬಿಸಿಯಾಗದಿದ್ದರೆ ಮೊದಲು ಫ್ಯಾನಿನ ಸದ್ದು ಕೇಳಿ

ಆಕಾಶವಾಣಿ ಹಾಸನದ ಕೇಳುಗರಿಗೆ ನಮಸ್ಕಾರ.

ನಾನು ಮೊದಲು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದವನು. ಸುಟ್ಟ ವೈಂಡಿಂಗು, ಹಿಡಿದುಕೊಳ್ಳದ ಸ್ಟಾರ್ಟರು, ಇವೇ ದಿನದ ಕೆಲಸ. ಓವನ್‌ಗಳ ಸಹವಾಸ ಆಮೇಲೆ ಶುರುವಾಯಿತು. ಬೇಕರಿ ಅಂದರೇನು ಅಂತ ಹಾಸನದವರಿಗೆ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಯಾವುದೋ ಬೀದಿಯ ಬೇಕರಿಯಲ್ಲಿ ನಿಂತು 'ಯಾವೂರು ನಿಮ್ದು?' ಅಂತ ಕೇಳಿ ನೋಡಿ, ಎಷ್ಟೋ ಸಲ ನಮ್ಮ ಕಡೆಯ ಊರಿನ ಹೆಸರೇ ಬರುತ್ತದೆ. ಆದರೆ ಇವತ್ತಿನ ಮಾತು ಬನ್ನು ಬ್ರೆಡ್ಡು ಬೇಯಿಸುವ ಪೆಟ್ಟಿಗೆ ಓವನ್ನಿನದಲ್ಲ, ಕನ್ವೇಯರ್ ಓವನ್ನಿನದು. ಈಗ ಹೆದ್ದಾರಿ ಪಕ್ಕದ ಹೋಟೆಲುಗಳಲ್ಲಿ ನೀವೂ ನೋಡಿರುತ್ತೀರಿ. ಈ ಕಡೆ ಹಸಿ ಪಿಜ್ಜಾ ಇಟ್ಟರೆ ಸ್ಟೀಲಿನ ಜಾಲರಿ ಬೆಲ್ಟು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಐದಾರು ನಿಮಿಷಕ್ಕೆ ಆ ಕಡೆಯಿಂದ ಬೆಂದು ಬರುತ್ತದೆ.

ಒಳಗೆ ಕೆಂಡದ ಮೇಲೆ ಬೇಯುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಹಿಂದುಗಡೆ ದೊಡ್ಡ ಬ್ಲೋವರ್, ಅಂದರೆ ಗಾಳಿ ನೂಕುವ ಫ್ಯಾನು, ಇರುತ್ತದೆ. ಹೀಟರ್ ಕಾಯಿಲಿಂದಲೋ ಗ್ಯಾಸ್ ಬರ್ನರಿನಿಂದಲೋ ಬಿಸಿಯಾದ ಗಾಳಿಯನ್ನು ಅದು ಬೆಲ್ಟಿನ ಮೇಲೂ ಕೆಳಗೂ ಇರುವ ತೂತಿನ ಕೊಳವೆಗಳಿಗೆ ನೂಕುತ್ತದೆ. ಆ ತೂತುಗಳಿಂದ ಸುಮಾರು 250 ಡಿಗ್ರಿಯ ಗಾಳಿ ಪಿಜ್ಜಾಕ್ಕೆ ನೇರವಾಗಿ ಬಡಿಯುತ್ತದೆ. ಬೇಯಿಸುವುದು ಗಾಳಿ. ಇಷ್ಟು ತಲೆಯಲ್ಲಿದ್ದರೆ ಇದರ ವೈರಿಂಗ್ ಅರ್ಧ ಅರ್ಥವಾದ ಹಾಗೆ.

ತೋಟದ ಮೋಟಾರಿನ ಸ್ಟಾರ್ಟರು ನೆನಪು ಮಾಡಿಕೊಳ್ಳಿ. ಹಸಿರು ಗುಂಡಿ ಒತ್ತಿದ ಕೂಡಲೇ ಮೋಟಾರಿಗೆ ಕರೆಂಟು ಹೋಗಿಬಿಡುವುದಿಲ್ಲ. ಮೂರು ಫೇಸೂ ಇದೆಯಾ ಅಂತ ಪ್ರಿವೆಂಟರ್ ನೋಡುತ್ತದೆ. ಓವರ್‌ಲೋಡ್ ರಿಲೇ ಒಪ್ಪಬೇಕು. ಆಮೇಲೆ ಸ್ಟಾರ್ಟರಿನ ಕಾಯಿಲ್ ಎಳೆದುಕೊಂಡು ಮೋಟಾರಿಗೆ ಕರೆಂಟು ಬಿಡುತ್ತದೆ. ಕನ್ವೇಯರ್ ಓವನ್ನಿನಲ್ಲೂ ಹೀಗೇ ಒಂದು ಸಾಲು ಇದೆ, ಸ್ವಲ್ಪ ಉದ್ದ ಅಷ್ಟೆ. ಮೊದಲು ಬ್ಲೋವರ್ ತಿರುಗಬೇಕು. ಗಾಳಿಯ ಒತ್ತಡ ಬಂದರೆ ಏರ್ ಪ್ರೆಶರ್ ಸ್ವಿಚ್ ಕೂಡುತ್ತದೆ. ಆಚೆ ಬಿಸಿ ಮಿತಿ ಮೀರಿದರೆ ಕತ್ತರಿಸುವ ಹೈ ಲಿಮಿಟ್ ಸ್ವಿಚ್ ಕೂಡಿರಬೇಕು. ಆಮೇಲೆ ಟೆಂಪರೇಚರ್ ಕಂಟ್ರೋಲರ್ ಬಿಸಿ ಬೇಕು ಅನ್ನಬೇಕು. ಇವರೆಲ್ಲ ಹೂಂ ಅಂದ ಮೇಲೆ ಕಾಂಟ್ಯಾಕ್ಟರ್ ಅನ್ನುವ ದೊಡ್ಡ ಸ್ವಿಚ್ ಎಳೆದುಕೊಂಡು ಹೀಟರ್ ಕಾಯಿಲಿಗೆ ಕರೆಂಟು ಬಿಡುತ್ತದೆ. ಗ್ಯಾಸ್ ಓವನ್ ಆದರೆ ಕಿಡಿ ಹಾರಿ ಗ್ಯಾಸ್ ವಾಲ್ವ್ ತೆರೆಯುತ್ತದೆ. ಬೆಲ್ಟಿನ ಮೋಟಾರಿನ ದಾರಿ ಬೇರೆ.

ಅದಕ್ಕೇ 'ಓವನ್ ಬಿಸಿ ಆಗ್ತಿಲ್ಲ' ಅಂತ ಫೋನು ಬಂದರೆ ನಾನು ಹೀಟರಿನ ಸುದ್ದಿಯನ್ನೇ ಎತ್ತುವುದಿಲ್ಲ. ಫ್ಯಾನಿನ ಸದ್ದು ಬರುತ್ತಿದೆಯಾ? ಯಾವತ್ತಿನ ಸದ್ದೇನಾ? ಡಿಸ್‌ಪ್ಲೇಯಲ್ಲಿ ಎಷ್ಟಿದೆ? ಬೆಲ್ಟು ಓಡುತ್ತಿದೆಯಾ? ಇಷ್ಟು ಕೇಳುತ್ತೇನೆ. ಸಾಲು ಎಲ್ಲಿ ನಿಂತಿದೆ ಅಂತ ಸುಮಾರಾಗಿ ಗೊತ್ತಾಗುತ್ತದೆ. ಇದನ್ನು ನೋಡದೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ಓವನ್ ರಿಪೇರಿ ಆಗುವಷ್ಟರಲ್ಲಿ ಹೊಸ ಓವನ್ನಿನ ದುಡ್ಡು ಖರ್ಚಾಗಿರುತ್ತದೆ.

ಫ್ಯಾನಿನ ಸದ್ದು ಯಾವತ್ತಿನದೇನಾ ಅಂತ ಕೇಳುವುದಕ್ಕೆ ಕಾರಣ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿಯುತ್ತದೆ, ಮತ್ತೆ ಜೋಡಿಸುತ್ತಾರೆ. ಜೋಡಿಸುವಾಗ ಎರಡು ಫೇಸು ಅದಲು ಬದಲಾದರೆ ತೋಟದ ಪಂಪು ಉಲ್ಟಾ ತಿರುಗುತ್ತದೆ. ಮೋಟಾರು ಓಡುತ್ತದೆ, ನೀರು ಮಾತ್ರ ಸರಿಯಾಗಿ ಏರುವುದಿಲ್ಲ. ರೈತರಿಗೆ ಇದು ಗೊತ್ತು. ತ್ರೀ ಫೇಸ್ ಬ್ಲೋವರ್ ಇರುವ ಓವನ್ನಿನಲ್ಲೂ ಅದೇ ಕಥೆ. ಫ್ಯಾನು ಗಿರ್ರನೆ ತಿರುಗುತ್ತಿರುತ್ತದೆ, ಒತ್ತಡ ಸಾಲುವುದಿಲ್ಲ, ಏರ್ ಸ್ವಿಚ್ ಕೂಡುವುದಿಲ್ಲ, ಹೀಟರ್ ಹತ್ತುವುದಿಲ್ಲ. ಸಕಲೇಶಪುರದ ಕಡೆ ಒಂದು ಹೋಟೆಲಿನಲ್ಲಿ ಇದಕ್ಕಾಗಿ ಕಂಟ್ರೋಲರನ್ನೇ ಬದಲಿಸಿದ್ದರು. ಫ್ಯಾನ್ ಹೌಸಿಂಗಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತು ಇತ್ತು. ಅದರ ಮೇಲಿನ ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿದೆ, ಬಾಣ ಕಂಡಿತು, ಫ್ಯಾನು ಅದಕ್ಕೆ ಎದುರು ತಿರುಗುತ್ತಿತ್ತು. ಎರಡು ವೈರು ಅದಲು ಬದಲು ಮಾಡಿದೆ. ಹತ್ತು ನಿಮಿಷದ ಕೆಲಸ. ಎಷ್ಟು ತೆಗೆದುಕೊಳ್ಳುವುದು ಅಂತ ನನಗೇ ಮುಜುಗರವಾಯಿತು.

ಸಿಂಗಲ್ ಫೇಸ್ ಬ್ಲೋವರ್ ಆದರೆ ಲಕ್ಷಣ ಬೇರೆ. ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ. ಮೇನ್ ಇಳಿಸಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಅದನ್ನು ಇಳಿಸದೆ ಕೈ ಹಾಕಬೇಡಿ. ಎಲೆಕ್ಟ್ರಿಷಿಯನ್ ಹುಡುಗರಿಗೆ ಹೇಳುತ್ತಿದ್ದೇನೆ. ಹೋಟೆಲಿನವರು ಪ್ಯಾನೆಲ್ ಬಿಚ್ಚುವುದೇ ಬೇಡ.

ಈಗ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಓವನ್ ಕೆಲಸಕ್ಕೆ ಹೊಸಬ. ಬಿ.ಎಂ. ರಸ್ತೆಯ ಒಂದು ಹೋಟೆಲಿನವರು ಅಮೆರಿಕದಿಂದ ಬಂದ ಹಳೇ ಓವನ್ ತಂದಿದ್ದರು. ಥರ್ಮೋಕಪಲ್ ಹೋಗಿತ್ತು. ಥರ್ಮೋಕಪಲ್ ಅಂದರೆ ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಸೇರಿಸಿದ್ದು. ತುದಿ ಬಿಸಿಯಾದರೆ ಒಂದಿಷ್ಟು ವೋಲ್ಟೇಜ್ ಹುಟ್ಟುತ್ತದೆ. ಎಷ್ಟು ಅಂತೀರಿ? ಈ ಓವನ್‌ಗಳಲ್ಲಿ ಹೆಚ್ಚಾಗಿ ಇರುವುದು ಕೆ ಟೈಪು. ಅದರಲ್ಲಿ 250 ಡಿಗ್ರಿಗೂ ಹತ್ತು ಮಿಲಿವೋಲ್ಟ್ ಆಸುಪಾಸು, ಅಷ್ಟೆ. ಕಂಟ್ರೋಲರ್ ಅಷ್ಟನ್ನೇ ಅಳೆದು ಡಿಗ್ರಿ ತೋರಿಸುತ್ತದೆ.

ಹೊಸ ಥರ್ಮೋಕಪಲಿನಲ್ಲಿ ಎರಡು ವೈರು, ಒಂದು ಹಳದಿ, ಒಂದು ಕೆಂಪು. ಕೆಂಪು ಅಂದರೆ ಪ್ಲಸ್, ಇಷ್ಟು ವರ್ಷದ ಅಭ್ಯಾಸ. ಯೋಚನೆಯನ್ನೇ ಮಾಡದೆ ಹಾಕಿದೆ. ಆನ್ ಮಾಡಿದಾಗ ಡಿಸ್‌ಪ್ಲೇ 26 ತೋರಿಸಿತು. ಸರಿ, ರೂಮಿನ ಬಿಸಿ. ಆಮೇಲೆ 24 ಆಯಿತು. 20 ಆಯಿತು. 15. ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಹುಡುಗ ನೋಡಿ, 'ಅಣ್ಣಾ, ಇದೇನು ಫ್ರಿಜ್ ಆಗ್ತಿದೆ' ಅಂದ. ನನಗೆ ನಗು ಬರಲಿಲ್ಲ. ಕಂಟ್ರೋಲರ್ ಕೆಟ್ಟಿದೆ ಅಂತ ಅದರ ಗುಂಡಿಗಳನ್ನು ಒತ್ತುತ್ತಾ ಕೂತೆ. ಅಷ್ಟರಲ್ಲಿ ಕಾದ ತಗಡಿನ ವಾಸನೆ ಬಂತು. ಓವನ್ನಿನ ಬಾಯಿ ಹತ್ತಿರ ಕೈ ತಂದರೆ ಸುಡುತ್ತಿದೆ. ಡಿಸ್‌ಪ್ಲೇ ಮಾತ್ರ ಸೊನ್ನೆಗಿಂತ ಕೆಳಗೆ. ಆಗ ಒಳಗೆ ಟಕ್ ಅಂತ ಒಂದು ಸದ್ದಾಯಿತು, ಕಾಂಟ್ಯಾಕ್ಟರ್ ಬಿಟ್ಟುಕೊಂಡಿತು. ಹೈ ಲಿಮಿಟ್ ಸ್ವಿಚ್ ಕೆಲಸ ಮಾಡಿತ್ತು.

ಆದದ್ದು ಇಷ್ಟು. ಅಮೆರಿಕದ ಬಣ್ಣದ ಲೆಕ್ಕದಲ್ಲಿ ಥರ್ಮೋಕಪಲಿನ ಕೆಂಪು ವೈರು ಮೈನಸ್. ನಾನು ಉಲ್ಟಾ ಹಾಕಿದ್ದೆ. ಬಿಸಿ ಏರಿದಷ್ಟೂ ಡಿಸ್‌ಪ್ಲೇ ಇಳಿಯಿತು. ತಣ್ಣಗಿದೆ, ಇನ್ನೂ ಬಿಸಿ ಬೇಕು ಅಂತ ಕಂಟ್ರೋಲರ್ ಕಾಯಿಲನ್ನು ಆಫ್ ಮಾಡಲೇ ಇಲ್ಲ. ಹೈ ಲಿಮಿಟ್‌ಗೆ ಈ ಕಂಟ್ರೋಲರಿನ ಹಂಗಿಲ್ಲ. ಅದಕ್ಕೆ ತನ್ನದೇ ಬೇರೆ ಕಣ್ಣು. ಮಿತಿ ಮೀರಿದರೆ ಕತ್ತರಿಸುತ್ತದೆ. ಎಷ್ಟೋ ಓವನ್‌ಗಳಲ್ಲಿ ಕೈಯಿಂದ ಗುಂಡಿ ಒತ್ತಿ ರೀಸೆಟ್ ಮಾಡುವ ತನಕ ಮತ್ತೆ ಕೂಡುವುದಿಲ್ಲ.

ಈ ಸ್ವಿಚ್ಚನ್ನು ತಪ್ಪಿಸಿ ಡೈರೆಕ್ಟ್ ಮಾಡಿರುವ ಓವನ್‌ಗಳನ್ನು ನಾನು ಎಷ್ಟು ನೋಡಿದ್ದೇನೆ ಅಂದರೆ ಲೆಕ್ಕ ಇಟ್ಟಿಲ್ಲ. 'ಪದೇ ಪದೇ ಬೀಳ್ತಿತ್ತು ಸ್ವಾಮಿ, ಭಾನುವಾರ ರಶ್ಶು ಇತ್ತು, ಒಂದು ತುಂಡು ವೈರು ಹಾಕಿಸಿಬಿಟ್ಟೆ' ಅಂತಾರೆ. ಏರ್ ಪ್ರೆಶರ್ ಸ್ವಿಚ್ಚಿಗೂ ಅದೇ ಗತಿ. ಗಾಳಿ ಇಲ್ಲದೆ ಕಾಯಿಲ್ ಉರಿದರೆ ಕಾಯಿಲ್ ಕೆಂಪಾಗಿ ಮುರಿಯುತ್ತದೆ. ಗ್ಯಾಸ್ ಓವನ್ ಆದರೆ ನನಗೆ ಹೇಳುವುದಕ್ಕೂ ಭಯ. ಪದೇ ಪದೇ ಬೀಳುತ್ತಿದೆ ಅಂದರೆ ಬೀಳಲು ಕಾರಣ ಇದೆ. ಬ್ಲೋವರಿಗೆ ಹಿಟ್ಟಿನ ಧೂಳು ಕಟ್ಟಿರಬಹುದು. ಅಥವಾ ಕಾಂಟ್ಯಾಕ್ಟರಿನ ಪಾಯಿಂಟ್ ಅಂಟಿಕೊಂಡು ಹೀಟರ್ ಆಫ್ ಆಗದೇ ಇರಬಹುದು. ಕಾಂಟ್ಯಾಕ್ಟರ್ ಬದಲು ಸಾಲಿಡ್ ಸ್ಟೇಟ್ ರಿಲೇ ಇದ್ದರೆ ಅದೂ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಆನ್ ಆಗಿಯೇ ಉಳಿಯುತ್ತದೆ.

ಥರ್ಮೋಕಪಲ್ ಸರಿ ಇದೆಯಾ ನೋಡಲು ಸುಲಭದ ದಾರಿ ಕುದಿಯುವ ನೀರು. ಆದರೆ 100 ತೋರಿಸುತ್ತಿಲ್ಲ ಅಂತ ಎಸೆಯಬೇಡಿ. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಇನ್ನೊಂದು, ವೈರು ಸಾಲದು ಅಂತ ಮಾಮೂಲಿ ತಾಮ್ರದ ವೈರು ಸೇರಿಸಿ ಉದ್ದ ಮಾಡುವುದು. ಅದು ತಪ್ಪು. ಅದೇ ಜಾತಿಯ ವೈರೇ ಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.

ಇನ್ನು ಪುನರ್ವಸು, ಪುಷ್ಯ ಮಳೆ. ಸಕಲೇಶಪುರ, ಮೂಡಿಗೆರೆ ಕಡೆ ಬಿಸಿಲು ಕಂಡು ವಾರಗಳೇ ಆಗಿರುತ್ತವೆ. ಅಲ್ಲಿನ ಹೋಟೆಲುಗಳಿಗೆ ಜನ ಬರುವುದು ಶನಿವಾರ, ಭಾನುವಾರ. ಉಳಿದ ದಿನ ಓವನ್ ಸುಮ್ನೆ ಕೂತಿರುತ್ತದೆ. ಶನಿವಾರ ಬೆಳಿಗ್ಗೆ ಹೀಟರ್ ಹಾಕಿದ ಕೂಡಲೇ ಹೋಟೆಲಿಡೀ ಕತ್ತಲೆ, ಅರ್ಥ್ ಲೀಕೇಜ್ ಬ್ರೇಕರ್ ಬಿದ್ದಿರುತ್ತದೆ. ಹೀಟರ್ ಕೊಳವೆಯೊಳಗೆ ಸುರುಳಿಯ ಸುತ್ತ ಬಿಳಿ ಪುಡಿ ತುಂಬಿರುತ್ತಾರೆ, ಮೆಗ್ನೀಷಿಯಂ ಆಕ್ಸೈಡ್. ಅದು ತೇವ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಜಾಡಿ ನೀರೊಡೆಯುವುದಿಲ್ವಾ, ಹಾಗೆ. ತೇವದ ದಾರಿಯಲ್ಲಿ ಕರೆಂಟು ಓವನ್ನಿನ ಮೈಗೆ ಸೋರುತ್ತದೆ. 30 ಮಿಲಿಆಂಪ್‌ನ ಬ್ರೇಕರ್ ಅಷ್ಟಕ್ಕೇ ಬೀಳುತ್ತದೆ. ಕಾಯಿಲ್ ಸುಟ್ಟಿಲ್ಲ, ಒದ್ದೆಯಾಗಿದೆ. ಒಂದೊಂದೇ ಕಾಯಿಲ್ ಬಿಡಿಸಿ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲಿ ನೋಡಿದರೆ ಯಾವುದು ಅಂತ ಸಿಗುತ್ತದೆ. ಅದನ್ನು ಬಿಚ್ಚಿ ಬೇರೆ ಓವನ್ನಿನಲ್ಲಿ ಹದವಾದ ಬಿಸಿಯಲ್ಲಿ ಕೆಲವು ಗಂಟೆ ಒಣಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬ್ರೇಕರನ್ನೇ ತೆಗೆದುಬಿಡುವವರೂ ಇದ್ದಾರೆ. ಒದ್ದೆ ನೆಲ, ಸ್ಟೀಲಿನ ಓವನ್, ಬರಿಗಾಲಿನ ಹುಡುಗ. ದಯವಿಟ್ಟು ಬೇಡ. ಅದರ ಬದಲು ಮಳೆಗಾಲದಲ್ಲಿ ಗಿರಾಕಿ ಇರಲಿ ಬಿಡಲಿ, ದಿನಾ ಅರ್ಧ ಗಂಟೆ ಓವನ್ ಹಾಕಿ. ಕರೆಂಟು ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ.

ವೋಲ್ಟೇಜಿನ ಲೆಕ್ಕ ಒಂದಿದೆ. 230 ವೋಲ್ಟಿಗೆ 3000 ವ್ಯಾಟ್ ಕೊಡುವ ಕಾಯಿಲಿಗೆ 190 ವೋಲ್ಟ್ ಬಂದರೆ ಸಿಗುವುದು ಸುಮಾರು 2050 ವ್ಯಾಟ್. ವೋಲ್ಟೇಜ್ ಆರರಲ್ಲಿ ಒಂದು ಪಾಲು ಇಳಿದರೆ ಶಾಖ ಮೂರರಲ್ಲಿ ಒಂದು ಪಾಲು ಇಳಿಯಿತು. ಸಂಜೆ ಹೊತ್ತು ಪಿಜ್ಜಾ ಹಸಿಹಸಿ, ಬೆಳಿಗ್ಗೆ ಸರಿ ಅಂದರೆ ಓವನ್ನನ್ನು ಬೈಯಬೇಡಿ, ಮೀಟರ್ ಹಿಡಿದು ವೋಲ್ಟೇಜ್ ನೋಡಿ. ಯಾವಾಗಲೂ ಹಸಿ ಅಂದರೆ ವೈರನ್ನು ಕಚ್ಚಿ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿ ಒಂದೊಂದು ಕಾಯಿಲಿನ ಕರೆಂಟು ನೋಡಿ, ಯಾವುದೋ ಒಂದು ಸತ್ತಿರಬಹುದು. ವೈರಿನ ತುದಿಯ ಲಗ್ ಕೂಡ ನೋಡಿ. ಸುಟ್ಟ ಲಗ್ ತೆಗೆದು ಮಾಮೂಲಿ ಮನೆ ವೈರು ಹಾಕಿದರೆ ಅದು ಕರಗುತ್ತದೆ. ಬಿಸಿ ತಡೆಯುವ ಗ್ಲಾಸ್ ಸ್ಲೀವ್ ವೈರೇ ಆಗಬೇಕು.

ಗ್ಯಾಸ್ ಓವನ್ ಇರುವವರಿಗೆ ಒಂದು ವಿಚಿತ್ರದ ತೊಂದರೆ ಬರುತ್ತದೆ. ಲೈನ್ ಕರೆಂಟಿನಲ್ಲಿ ಸರಿ, ಜನರೇಟರಿಗೆ ಹಾಕಿದರೆ ಉರಿ ಹತ್ತುತ್ತದೆ, ಕೆಲವೇ ಸೆಕೆಂಡಿಗೆ ಆರುತ್ತದೆ. ಉರಿ ಇದೆಯೋ ಇಲ್ಲವೋ ಅಂತ ಬರ್ನರಿನ ಬೋರ್ಡು ತಿಳಿಯುವುದು ಉರಿಯ ಮೂಲಕವೇ ಅರ್ಥಿಗೆ ಹರಿಯುವ ಕರೆಂಟಿನಿಂದ, ಅದೂ ಬರೀ ಮೈಕ್ರೋಆಂಪ್ ಲೆಕ್ಕದಲ್ಲಿ. ಚಿಕ್ಕ ಜನರೇಟರುಗಳಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ಸಂಬಂಧ ಇರುವುದಿಲ್ಲ. ಆ ದಾರಿ ಕೂಡುವುದಿಲ್ಲ. ಉರಿ ಕಣ್ಣೆದುರೇ ಇದ್ದರೂ ಬೋರ್ಡಿಗೆ ಕಾಣುವುದಿಲ್ಲ, ಗ್ಯಾಸ್ ನಿಲ್ಲಿಸುತ್ತದೆ. ಫೇಸು ನ್ಯೂಟ್ರಲ್ಲು ಅದಲು ಬದಲಾದರೂ ಹೀಗಾಗಬಹುದು. ವಾಲ್ವ್ ಬದಲಿಸುವ ಮೊದಲು ಅರ್ಥಿಂಗ್ ನೋಡಿಸಿ.

ಬೆಲ್ಟಿನ ವಿಷಯ ಜಾಸ್ತಿ ಇಲ್ಲ. ನಿಂತರೆ ಮೋಟಾರಿನ ಚೈನ್ ಬಿಚ್ಚಿ ಮೋಟಾರನ್ನು ಒಂಟಿಯಾಗಿ ಓಡಿಸಿ ನೋಡಬೇಕು. ಓಡಿದರೆ ಬೆಲ್ಟು ಎಲ್ಲೋ ಸಿಕ್ಕಿಕೊಂಡಿದೆ. ಓಡದಿದ್ದರೆ ಫ್ಯೂಸು, ಕಾರ್ಬನ್ ಬ್ರಷ್ಷು ನೋಡಿ. ಕೆಲವದರಲ್ಲಿ ಶಾಫ್ಟಿನ ತುದಿಗೆ ಮ್ಯಾಗ್ನೆಟ್ ಇದ್ದು, ಪಕ್ಕದ ಸೆನ್ಸರ್ ಸುತ್ತು ಎಣಿಸುತ್ತದೆ. ಸೆನ್ಸರ್ ಜರುಗಿದ್ದರೆ ವೇಗ ಹಿಂದೆ ಮುಂದೆ ಆಗುತ್ತದೆ. ಡಿಸ್‌ಪ್ಲೇಯಲ್ಲಿ 6 ನಿಮಿಷ ಅಂತಿದ್ದರೆ ನಂಬಬೇಡಿ, ಒಂದು ಖಾಲಿ ತಟ್ಟೆ ಇಟ್ಟು ಮೊಬೈಲಿನಲ್ಲಿ ಟೈಮ್ ನೋಡಿ. ತಟ್ಟೆಯ ಮುಂದಿನ ಅಂಚು ಒಳಗೆ ಹೋದದ್ದರಿಂದ ಅದೇ ಅಂಚು ಹೊರಗೆ ಕಾಣುವ ತನಕ.

ಕಡೆಗೆ ರಾತ್ರಿ ಮುಚ್ಚುವ ಹೊತ್ತು. ಹೀಟರ್ ಆಫ್ ಮಾಡಿದ ಕೂಡಲೇ ಗೋಡೆಯ ಮೇನ್ ಇಳಿಸಿ ಮನೆಗೆ ಹೊರಡುತ್ತಾರೆ, ಎಲ್ಲರಿಗೂ ಅವಸರ. ಒಳಗಿನ ಬಿಸಿ ಹೋಗುವುದಕ್ಕೆ ದಾರಿ ಇಲ್ಲದೆ ಬ್ಲೋವರಿನ ಬೇರಿಂಗಿಗೆ, ಪಕ್ಕದ ಬೋರ್ಡುಗಳಿಗೆ ಹತ್ತುತ್ತದೆ. ಓವನ್ನಿನ ಸ್ವಿಚ್ ಆಫ್ ಮಾಡಿ ಬಿಟ್ಟುಬಿಡಿ. ಎಷ್ಟೋ ಮಾಡೆಲ್‌ಗಳಲ್ಲಿ ಬಿಸಿ 90 ಡಿಗ್ರಿ ಆಸುಪಾಸಿಗೆ ಇಳಿಯುವ ತನಕ ಬ್ಲೋವರ್ ತಾನೇ ಓಡಿ ತಾನೇ ನಿಲ್ಲುತ್ತದೆ. ಅಷ್ಟರಲ್ಲಿ ಪಾತ್ರೆ ತೊಳೆಯಿರಿ, ಗಲ್ಲಾ ಎಣಿಸಿ. ಓವನ್ನಿನ ಹಿಂಬದಿಯ ಕೂಲಿಂಗ್ ಫ್ಯಾನಿನ ಜಾಲರಿಗೆ ಹಿಟ್ಟು ಕಟ್ಟಿದ್ದರೆ ಒಣ ಬ್ರಷ್ಷಿನಲ್ಲಿ ಉದುರಿಸಿ. ನೀರಿನ ಪೈಪ್ ತರಬೇಡಿ. ಬ್ಲೋವರ್ ಸದ್ದು ನಿಂತ ಮೇಲೆ ಮೇನ್ ಇಳಿಸಿ, ಶಟರ್ ಎಳೆಯಿರಿ.

ನಮಸ್ಕಾರ.