ಒಂದೇ ಸ್ಪ್ರಿಂಗು, ಎರಡು ಕಡೆ ದುಡಿಮೆ: ಜೇಬುಚಾಕು ಬಿಚ್ಚಿ ಕಟ್ಟುವ ಕೆಲಸ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಇಟ್ಟಿರುವುದನ್ನು ಕಂಡು ಕೆಲವರು ಆಗಲೇ ಮುಖ ಹುಳ್ಳಗೆ ಮಾಡಿಕೊಂಡಿದ್ದೀರಿ. ಕೆಂಪು ಚಿಪ್ಪಿನ, ಅಂದರೆ ಹಿಡಿಯ ಹೊರಕವಚದ, ಸ್ವಿಸ್ ಚಾಕು ಒಂದು, ಪಕ್ಕದ ತಟ್ಟೆಯಲ್ಲಿ ಅಂಥದೇ ಇನ್ನೊಂದರ ಹೊಟ್ಟೆಯಲ್ಲಿದ್ದ ಸಾಮಾನು. ಸಾವಿರಾರು ರೂಪಾಯಿ ಕೊಟ್ಟು ತಂದದ್ದನ್ನು ಬಿಚ್ಚುವುದೇಕೆ ಎಂದು ಕೇಳಿದರೆ ತಪ್ಪಲ್ಲ. ಈ ಚಾಕು ಮಾಡುವ ವಿಕ್ಟೋರಿನಾಕ್ಸ್ ಕಂಪನಿ ಎಷ್ಟೋ ಮಾದರಿ ಮಾಡುತ್ತದೆ. ಆದರೂ ನಿಮಗೆ ಬೇಕಾದ್ದೆಲ್ಲ ಇದ್ದು, ಬೇಡದ್ದು ಒಂದೂ ಇಲ್ಲದ ಚಾಕು ಆ ಪಟ್ಟಿಯಲ್ಲಿ ಸಿಗುವುದು ಕಷ್ಟ. ಒಬ್ಬರಿಗೆ ಗರಗಸ ಬೇಕು, ಕತ್ತರಿ ಬೇಡ. ಇನ್ನೊಬ್ಬರಿಗೆ ಅಲ್ಯೂಮಿನಿಯಂ ಚಿಪ್ಪಿನ ತೆಳು ಚಾಕುವಿನಲ್ಲೇ ಕತ್ತರಿಯೂ ಆಗಬೇಕು. ಈ ಎರಡನೆಯ ಆಸೆಯನ್ನು ಹವ್ಯಾಸಿಗಳು ಮನೆಯಲ್ಲೇ ತೀರಿಸಿಕೊಂಡು ಬಹಳ ಕಾಲವಾದ ಮೇಲೆ, 2010ರ ದಶಕದಲ್ಲಿ, ಕಂಪನಿಯೇ ಪಯೊನಿಯರ್ ಎಕ್ಸ್ ಎಂಬ ಹೆಸರಿನಲ್ಲಿ ಅಂಥದ್ದನ್ನು ಮಾರುಕಟ್ಟೆಗೆ ಬಿಟ್ಟಿತು. ಹವ್ಯಾಸಿಗಳನ್ನು ನೋಡಿಯೇ ಮಾಡಿದರೆಂದು ನಾನು ಹೇಳಲಾರೆ. ಆಸೆ ಮಾತ್ರ ಹುಚ್ಚು ಆಸೆಯಾಗಿರಲಿಲ್ಲ ಎಂಬುದು ಖಚಿತವಾಯಿತು.

ಕೈ ಹಾಕುವ ಮೊದಲು ಈ ವಸ್ತು ಹೀಗೇಕಿದೆ ಎಂದು ತಿಳಿದಿರಬೇಕು. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಶ್ವಿಟ್ಸ್ ಪ್ರಾಂತದ ಇಬಾಕ್‌ನಲ್ಲಿ ಚಾಕು ಮಾಡುವ ಕಾರ್ಯಾಗಾರ ತೆರೆದ; ಅದೇ ಮುಂದೆ ವಿಕ್ಟೋರಿನಾಕ್ಸ್ ಆಯಿತು. ಆ ಹೊತ್ತಿಗೆ ಸ್ವಿಸ್ ಸೇನೆಗೆ ಪ್ರತಿ ಸೈನಿಕನ ಜೇಬಿಗೂ ಒಂದು ಮಡಚುವ ಚಾಕು ಬೇಕಾಗಿತ್ತು. ಡಬ್ಬಿಯಲ್ಲಿ ಬರುವ ಊಟವನ್ನು ತೆರೆಯಬೇಕು, 1889ರ ಹೊಸ ಬಂದೂಕನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕು. ಮೊದಲ ಕಂತು ಬಂದದ್ದು ಜರ್ಮನಿಯ ಜೋಲಿಂಗೆನ್‌ನಿಂದ. ಎಲ್ಸೆನರ್ 1891ರಿಂದ ಪೂರೈಸತೊಡಗಿದ. ಅಲಗು, ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್, ಇಷ್ಟೇ ಇದ್ದ ಗಟ್ಟಿಮುಟ್ಟಾದ, ತೂಕದ ಚಾಕು ಅದು.

ನಮಗೆ ಮುಖ್ಯವಾದದ್ದು ಆರು ವರ್ಷದ ನಂತರದ ಸಂಗತಿ. ಅಧಿಕಾರಿಗಳಿಗಾಗಿ ಹಗುರವಾದ, ಇನ್ನೂ ಹೆಚ್ಚು ಸಲಕರಣೆಯಿರುವ ಚಾಕು ಮಾಡಲು ಹೊರಟ ಎಲ್ಸೆನರ್, ಚಾಕುವಿನ ಬೆನ್ನಿನ ಕಡೆಯೂ ಸಲಕರಣೆ ಕೂರಿಸಿದ. ಅದಕ್ಕೆಂದು ಬೇರೆ ಸ್ಪ್ರಿಂಗ್ ಹಾಕಲಿಲ್ಲ. ಹೊಟ್ಟೆಯ ಕಡೆಯ ಅಲಗನ್ನು ಒತ್ತಿ ಹಿಡಿದಿದ್ದ ಉಕ್ಕಿನ ಪಟ್ಟಿಯೇ ಬೆನ್ನಿನ ಕಡೆಯ ಕಾರ್ಕ್‌ಸ್ಕ್ರೂವನ್ನೂ ಹಿಡಿಯುವಂತೆ ಮಾಡಿದ. 1897ರ ಜೂನ್ 12ರಂದು ಅದರ ನೋಂದಣಿಯಾಯಿತು. ಇಂದು ನಿಮ್ಮ ಜೇಬಿನಲ್ಲಿರುವುದರ ಒಳಗೂ ಅದೇ ಉಪಾಯ ಕೂತಿದೆ. ಮನೆಯಲ್ಲಿ ಬಿಚ್ಚಿ ಕಟ್ಟುವವರಿಗೆ ಬರುವ ತಲೆನೋವಿನ ಮುಕ್ಕಾಲು ಪಾಲಿಗೂ ಅದೇ ಕಾರಣ. ಒಂದೇ ಸ್ಪ್ರಿಂಗು ಎರಡು ಕಡೆ ದುಡಿಯುವಾಗ, ಒಂದು ಕಡೆಯ ಸಲಕರಣೆ ಬದಲಾಯಿಸಿದರೆ ಇನ್ನೊಂದು ಕಡೆಯ ಲೆಕ್ಕವೂ ಬದಲಾಗುತ್ತದೆ.

ತಟ್ಟೆಯಲ್ಲಿರುವುದನ್ನು ನೋಡಿ. ಇದು ಮಡಚಿದಾಗ 91 ಮಿಲಿಮೀಟರ್ ಉದ್ದದ, ಎಲ್ಲರೂ ಕಂಡಿರುವ ಅಳತೆಯ ಹಂಟ್ಸ್‌ಮನ್ ಎಂಬ ಮಾದರಿ. ನಾಲ್ಕು ಪದರ: ಅಲಗುಗಳದ್ದೊಂದು, ಗರಗಸದ್ದೊಂದು, ಕತ್ತರಿಯದ್ದೊಂದು, ಓಪನರ್‌ಗಳದ್ದೊಂದು. ಪದರ ಪದರದ ನಡುವೆ ತೆಳ್ಳನೆಯ ಅಲ್ಯೂಮಿನಿಯಂ ತಗಡು. ಪ್ರತಿ ಪದರಕ್ಕೆ ಒಂದು ಉಕ್ಕಿನ ಸ್ಪ್ರಿಂಗ್. ಇಷ್ಟನ್ನೂ ಹಿತ್ತಾಳೆಯ ರಿವೆಟ್‌ಗಳು ಪೋಣಿಸಿ ಹಿಡಿದಿವೆ: ತುದಿಗಳಲ್ಲಿ ಸಲಕರಣೆಗಳು ತಿರುಗುವ ರಿವೆಟ್, ನಡುವೆ ಸ್ಪ್ರಿಂಗನ್ನು ಕದಲದಂತೆ ಹಿಡಿಯುವ ರಿವೆಟ್. ರಿವೆಟ್ ತುದಿಗಳಿಗೆ ಹಿತ್ತಾಳೆಯ ಪುಟ್ಟ ಬುಷ್, ಅಂದರೆ ಉಂಗುರದಂಥ ಬಳೆ. ಕೆಂಪು ಚಿಪ್ಪು ಆ ಬುಷ್‌ಗಳ ಮೇಲೆ ಒತ್ತಿ ಕೂತಿದೆ. ಅಷ್ಟೇ, ಅಂಟೂ ಇಲ್ಲ, ಸ್ಕ್ರೂವೂ ಇಲ್ಲ.

ಇದರಲ್ಲಿರುವ ಉಕ್ಕೆಲ್ಲ ಒಂದೇ ಹದದ್ದಲ್ಲ. ಉಕ್ಕಿನ ಗಡಸುತನ ಹೇಳುವ ರಾಕ್‌ವೆಲ್ ಅಳತೆಯಲ್ಲಿ ಅಲಗು 56, ಗರಗಸ ಮತ್ತು ಕತ್ತರಿ 53, ಓಪನರ್ ಮತ್ತು ದಬ್ಬಳ 52, ಸ್ಪ್ರಿಂಗ್ ಮತ್ತು ಕಾರ್ಕ್‌ಸ್ಕ್ರೂ 49. ಅಲಗು ಬಾಯಿ ಹಿಡಿಯಬೇಕು, ಸ್ಪ್ರಿಂಗು ಬಾಗಿ ಮತ್ತೆ ನೆಟ್ಟಗಾಗಬೇಕು. ಗ್ರೈಂಡರ್ ಕಂಡೊಡನೆ ಕೈ ತುರಿಸುವವರು ಇದನ್ನು ಗಮನಿಸಬೇಕು. ತೆಳು ಉಕ್ಕು ಕ್ಷಣದಲ್ಲಿ ಕಾಯುತ್ತದೆ. ಅಂಚಿಗೆ ಹಳದಿ, ನೀಲಿ ಬಣ್ಣ ತಿರುಗಿತೆಂದರೆ ಅಲ್ಲಿ ಹದ ಹೋಯಿತು. ಆಮೇಲೆ ಎಷ್ಟು ಸಾಣೆ ಹಿಡಿದರೂ ಬಾಯಿ ನಿಲ್ಲದು. ನಾನು ಟೂಲ್‌ರೂಮಿನಲ್ಲಿ ದುಡಿದವನು, ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಈ ಕೆಲಸಕ್ಕೆ ಮಾತ್ರ ಅರ, ಎಮರಿ ಪೇಪರು, ತಾಳ್ಮೆ ಇವೇ ಸಾಕು.

ಬಿಚ್ಚುವುದು ಹೇಗೆ? ಮೊದಲು ಅಲಗು, ಗರಗಸದ ಬಾಯಿಗೆಲ್ಲ ಟೇಪ್ ಸುತ್ತಿ. ಇದನ್ನು ಮರೆತವರ ಬೆರಳೇ ಮುಂದಿನ ಸಲ ನೆನಪಿಸುತ್ತದೆ. ಚಾಕುವನ್ನು ಬಿಸಿನೀರಿನಲ್ಲಿ, ಕುದಿಯುವ ನೀರಲ್ಲ, ಕೈ ತಾಳುವಷ್ಟು ಬಿಸಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಚಿಪ್ಪು ಮೆತ್ತಗಾಗುತ್ತದೆ. ತೆಳ್ಳನೆಯ ಪಟ್ಟಿಯನ್ನು ಚಿಪ್ಪಿಗೂ ತಗಡಿಗೂ ನಡುವೆ ಬುಷ್ ಇರುವ ಜಾಗದಲ್ಲೇ ತೂರಿಸಿ ಮೆಲ್ಲಗೆ ಎಬ್ಬಿಸಿ. ಬೇರೆಡೆ ಎಬ್ಬಿಸಿದರೆ ಚಿಪ್ಪು ಸೀಳುತ್ತದೆ. ಆಮೇಲೆ ಒಂದು ಬದಿಯ ಬುಷ್ ಮೇಲೆ ಅರಳಿರುವ ರಿವೆಟ್ ತಲೆಯನ್ನು ಅರದಿಂದ ಉಜ್ಜಿ ಸಮ ಮಾಡಿ, ರಿವೆಟ್‌ಗಿಂತ ತುಸು ಸಣ್ಣ ಪಂಚ್ ಇಟ್ಟು ಇನ್ನೊಂದು ಕಡೆಗೆ ಹೊಡೆದು ತಳ್ಳಿ. ವೈಸ್‌ನ ದವಡೆಗೆ ಮರದ ತುಂಡೋ ದಪ್ಪ ಚರ್ಮವೋ ಇರಲಿ. ಕೊನೆಯ ರಿವೆಟ್ ಬಿಡುವಾಗ ಸ್ಪ್ರಿಂಗ್ ಬಿಗಿತ ಒಮ್ಮೆಗೇ ಸಡಿಲುವುದರಿಂದ ಕನ್ನಡಕ ಬೇಕೇ ಬೇಕು. ಓದುವ ಕನ್ನಡಕವಲ್ಲ, ಕಾರ್ಖಾನೆಯದ್ದು.

ಒಂದೊಂದು ಪದರ ತೆಗೆದಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸ್ಪ್ರಿಂಗ್‌ಗಳು ಮೇಲುನೋಟಕ್ಕೆ ಅವಳಿಗಳಂತೆ ಕಂಡರೂ ಬೆನ್ನಿನ ಕಡೆ ಯಾವ ಸಲಕರಣೆ ಬರುತ್ತದೋ ಅದಕ್ಕೆ ತಕ್ಕ ಕಚ್ಚು ಅವುಗಳಲ್ಲಿರುತ್ತದೆ. ಹಳೆಯ ಚಾಕುವಿನಿಂದ ಗರಗಸ ತೆಗೆದುಕೊಂಡರೆ ಅದರ ಸ್ಪ್ರಿಂಗು, ತಗಡನ್ನೂ ಜೊತೆಗೇ ತೆಗೆದುಕೊಳ್ಳಿ. 91 ಮಿಮೀ ಚಾಕುವಿನ ಸಾಮಾನು ಅಲ್ಯೂಮಿನಿಯಂ ಚಿಪ್ಪಿನ 93 ಮಿಮೀ ಚಾಕುವಿಗೆ ನೇರವಾಗಿ ಕೂರುವುದಿಲ್ಲ. ಅಂತರ ಎರಡೇ ಮಿಲಿಮೀಟರು, ಆದರೆ ರಿವೆಟ್‌ನ ಜಾಗಗಳೇ ಬೇರೆ. 93ರಲ್ಲಿ ಇನ್ನೊಂದು ತೊಡಕಿದೆ: ಅಲ್ಲಿ ಚಿಪ್ಪೇ ಹೊರತಗಡು, ರಿವೆಟ್ ತಲೆ ಹೊರಗೇ ಕಾಣುತ್ತದೆ. ತಲೆ ಉಜ್ಜುವಾಗ ಅರ ಒಂದು ಕೂದಲೆಳೆ ಜಾರಿದರೂ ಗೀರು ಜನ್ಮಕ್ಕೆ ಉಳಿಯಿತು.

ಬಿಡಿಭಾಗಕ್ಕೆ ಹಳೆಯ ಚಾಕು ಎಲ್ಲಿಂದ? 2001ರ ಸೆಪ್ಟೆಂಬರ್ ನಂತರ ವಿಮಾನದ ಕ್ಯಾಬಿನ್‌ನೊಳಗೆ ಚಾಕು ನಿಷಿದ್ಧವಾಯಿತು. ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಜನ ಬಿಟ್ಟುಹೋದ ಚಾಕುಗಳನ್ನು ಅಲ್ಲಿನ ಕೆಲವು ರಾಜ್ಯಗಳು ಹೆಚ್ಚುವರಿ ಸಾಮಾನಿನೊಂದಿಗೆ ರಾಶಿ ರಾಶಿಯಾಗಿ ಮಾರತೊಡಗಿದವು. ಚಾಕು ಕಂಪನಿಯ ವ್ಯಾಪಾರಕ್ಕೆ ಪೆಟ್ಟು ಕೊಟ್ಟ ಅದೇ ನಿಯಮ ಹವ್ಯಾಸಿಗಳಿಗೆ ಬಿಡಿಭಾಗದ ಗಣಿ ತೆರೆದುಕೊಟ್ಟಿತು. ನಮ್ಮಲ್ಲಿ ಆ ಅನುಕೂಲವಿಲ್ಲ. ಚಿಪ್ಪು ಒಡೆದ, ಅಲಗಿನ ತುದಿ ಮುರಿದ ಚಾಕು ಯಾರ ಮನೆಯ ಡ್ರಾಯರಿನಲ್ಲಿದೆ ಎಂದು ನೆಂಟರಿಷ್ಟರಲ್ಲಿ ವಿಚಾರಿಸುವುದೇ ದಾರಿ. ದುಬೈನಿಂದ, ಅಮೆರಿಕದಿಂದ ಬಂದ ಉಡುಗೊರೆಗಳು ಬೀರುವಿನಲ್ಲಿ ಬೇಕಾದಷ್ಟು ಮಲಗಿವೆ. ನಕಲಿ ಚಾಕುವಿನ ಮೇಲೆ ಕೈ ಪಳಗಿಸುತ್ತೇನೆ ಎನ್ನುವವರಿಗೆ ನನ್ನ ಮಾತು: ಬೇಡ. ಅದರ ಸ್ಪ್ರಿಂಗ್ ಕಲಿಸುವ ಪಾಠವೇ ಬೇರೆ.

ಈಗ ಜೋಡಣೆ. ಬಿಚ್ಚುವುದನ್ನು ಯಾರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಟ್ಟುವುದು ಹಾಗಲ್ಲ. ಹಿತ್ತಾಳೆ ಸರಳನ್ನು ವರ್ನಿಯರ್‌ನಲ್ಲಿ ಅಳೆದೇ ಕೊಳ್ಳಿ. ಹಳೆಯ ರಿವೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ, ಸಿಗದಿದ್ದರೆ ತುಸು ದಪ್ಪನೆಯದನ್ನು ಲೇತ್‌ನಲ್ಲಿ ಇಳಿಸಿಕೊಳ್ಳಬೇಕು. ಜೋಡಿಸುವ ಮೊದಲು ಸ್ಪ್ರಿಂಗು ಮತ್ತು ಸಲಕರಣೆಯ ಬುಡ ಒಂದನ್ನೊಂದು ಉಜ್ಜುವ ಮುಖಗಳನ್ನು 1000, ಆಮೇಲೆ 2000 ನಂಬರಿನ ಎಮರಿಯಲ್ಲಿ ನುಣುಪು ಮಾಡಿ. ಇಲ್ಲಿ ಕೆಲಸ ಹೊಳಪಿಗಷ್ಟೇ ನಿಲ್ಲಬೇಕು, ಆಕಾರ ಬದಲಾಗಬಾರದು. ಬುಡದ ಚೌಕ ಮೂಲೆ ದುಂಡಗಾದರೆ ಅಲಗು ತೆರೆದಾಗ ಬರುವ ಆ ‘ಟಕ್’ ಸದ್ದು ಹೋಗುತ್ತದೆ. ಸದ್ದಿನ ಜೊತೆ ಬಿಗಿಯೂ ಹೋಗುತ್ತದೆ.

ಒಂದು ತುದಿಯ ರಿವೆಟ್, ನಡುವಿನ ರಿವೆಟ್ ಸಲೀಸಾಗಿ ಕೂರುತ್ತವೆ. ಕೊನೆಯದಕ್ಕೆ ತೂತುಗಳು ಸಾಲುಗೂಡುವುದಿಲ್ಲ, ಸ್ಪ್ರಿಂಗುಗಳು ಎದೆಯೊಡ್ಡಿ ನಿಂತಿರುತ್ತವೆ. ಸಲಕರಣೆಗಳನ್ನೆಲ್ಲ ಪೂರ್ತಿ ಮಡಚಿಡಿ. ಅರ್ಧ ತೆರೆದಾಗಲೇ ಸ್ಪ್ರಿಂಗ್ ಅತಿ ಹೆಚ್ಚು ಬಾಗುವುದು. ತುದಿ ಚೂಪಾಗಿಸಿದ ಉಕ್ಕಿನ ಪಿನ್ನೊಂದನ್ನು ಮಾಡಿಟ್ಟುಕೊಂಡಿರಬೇಕು. ವೈಸ್‌ನಲ್ಲಿ ನಿಧಾನವಾಗಿ ಒತ್ತುತ್ತಾ ಆ ಪಿನ್ನನ್ನು ಪದರದಿಂದ ಪದರಕ್ಕೆ ದಾಟಿಸಿ, ಅದರ ಹಿಂದೆಯೇ ಹಿತ್ತಾಳೆಯ ರಿವೆಟ್ಟನ್ನು ತಳ್ಳಿದರೆ ಪಿನ್ ಆಚೆ ಬೀಳುತ್ತದೆ, ರಿವೆಟ್ ಅದರ ಜಾಗದಲ್ಲಿ ಕೂರುತ್ತದೆ.

ಇನ್ನು ತಲೆ ಬಡಿಯುವುದು. ಬುಷ್‌ನಿಂದಾಚೆ ರಿವೆಟ್‌ನ ವ್ಯಾಸದ ಅರ್ಧಕ್ಕಿಂತ ಹೆಚ್ಚು ಬಿಡಬೇಡಿ. ಉದ್ದವಾದರೆ ಅರಳುವುದಿಲ್ಲ, ಬಾಗುತ್ತದೆ. ಚಿಕ್ಕ ಗುಂಡುತಲೆಯ ಸುತ್ತಿಗೆ, ಹಗುರ ಏಟು, ಸುತ್ತಲೂ ಸಮವಾಗಿ. ನಾಲ್ಕಾರು ಏಟಿಗೊಮ್ಮೆ ನಿಲ್ಲಿಸಿ ಪ್ರತಿ ಸಲಕರಣೆಯನ್ನೂ ತೆರೆದು ನೋಡಿ. ಅಲಗು ಅಲುಗಾಡಿದರೆ ಇನ್ನೆರಡು ಏಟು. ಬಿಗಿಯಾಗಿ ಹಿಡಿದುಕೊಂಡಿತೋ, ಮತ್ತೆ ಬಿಚ್ಚಿ ಹೊಸ ರಿವೆಟ್ ಹಾಕುವವರೆಗೂ ಅದು ಕಾಡುತ್ತದೆ. ಹೀಗಾಗಿ ಬಡಿಯುವಾಗ ಪದರದೊಳಗೆ ತೆಳ್ಳನೆಯ ಕಾಗದದ ಚೂರು ಇಟ್ಟು, ಮುಗಿದ ಮೇಲೆ ಎಳೆದುಹಾಕುವವರಿದ್ದಾರೆ. ಕಾಗದ ಬಿಟ್ಟ ಸಂದು ಸಲಕರಣೆ ತಿರುಗಲು ಸಾಕು. ಸಲಕರಣೆ ಬದಲಾಯಿಸಿದ್ದನ್ನು ಜನ ಹೆಮ್ಮೆಯಿಂದ ತೋರಿಸುತ್ತಾರೆ. ನಾನು ಮಾತ್ರ ಮೊದಲು ಬೆನ್ನಿನ ಮೇಲೆ ಉಗುರು ಎಳೆದು, ಸ್ಪ್ರಿಂಗುಗಳೆಲ್ಲ ಸಮಮಟ್ಟದಲ್ಲಿವೆಯೇ ಎಂದು ನೋಡುತ್ತೇನೆ. ಕೆಲಸದ ಗುಣ ಅಲ್ಲಿ ಗೊತ್ತಾಗುತ್ತದೆ.

ರಿವೆಟ್ ಬದಲು ಟೊಳ್ಳು ಕೊಳವೆಯೊಳಗೆ ಸ್ಕ್ರೂ ಸುತ್ತು ಕೊರೆದು ಸ್ಕ್ರೂ ಹಾಕುವವರೂ ಉಂಟು. ಬೇಕೆಂದಾಗ ಬಿಚ್ಚಬಹುದು, ಬಿಗಿಯನ್ನು ಹೊಂದಿಸಬಹುದು. ಸ್ಕ್ರೂ ತಾನಾಗಿಯೇ ಸಡಿಲಗೊಳ್ಳುವ ಚಾಳಿ ಮಾತ್ರ ಅದರ ಜೊತೆಗೇ ಬರುತ್ತದೆ. ಟಿಮ್ ಲೆದರ್‌ಮನ್ 1983ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಶುರುಮಾಡಿದ, ಇಕ್ಕಳದ ಸುತ್ತ ಹಲವು ಸಲಕರಣೆ ಮಡಚಿಟ್ಟ ಉಪಕರಣಗಳ ವಂಶದಲ್ಲಿ ಈಗಿನ ಹಲವು ಮಾದರಿಗಳು ಟಾರ್ಕ್ಸ್ ಎಂಬ ನಕ್ಷತ್ರಾಕಾರದ ಕುಳಿಯ ಸ್ಕ್ರೂಗಳಿಂದಲೇ ಕಟ್ಟಿದವು. ಸರಿಯಾದ ಬಿಟ್ ಇದ್ದರೆ ಯಾರು ಬೇಕಾದರೂ ಬಿಚ್ಚಬಹುದು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಹೊಸ ಚಿಪ್ಪು ಮಾತ್ರ ಸಾಕು ಎನ್ನುವವರು ರಿವೆಟ್ ಮುಟ್ಟಬೇಕಾಗಿಯೇ ಇಲ್ಲ, ಮೊದಲ ಕೆಲಸಕ್ಕೆ ಅದೇ ಒಳ್ಳೆಯದು. ಹಳೆಯ ಮಂಚದ ಕಾಲಿನಿಂದ ಉಳಿದ ಬೀಟೆ ತುಂಡು, ಎಮ್ಮೆ ಕೊಂಬು, ಮೈಕಾರ್ಟಾ (ಬಟ್ಟೆ ಅಥವಾ ಕಾಗದವನ್ನು ರಾಳದಲ್ಲಿ ಒತ್ತಿದ ಹಲಗೆ), ಹಿತ್ತಾಳೆ, ಏನನ್ನಾದರೂ ಬಳಸಿ. ಜಿಂಕೆ, ಕಡವೆಯ ಕೊಂಬು ಬೇಡ. ಅಜ್ಜನ ಕಾಲದಿಂದ ಗೋಡೆಯ ಮೇಲಿದ್ದದ್ದು ಎಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಮ್ಮ ಕಥೆ ಕೇಳುವುದಿಲ್ಲ. ಒಳಮುಖದಲ್ಲಿ ಬುಷ್‌ಗೆ ಸರಿಯಾಗಿ ಕುಳಿ ತೋಡಿ, ಎರಡು ಭಾಗ ಬೆರೆಸುವ ಎಪಾಕ್ಸಿಯಿಂದ ಕೂರಿಸಿ. ಕೊಂಬು, ಮೈಕಾರ್ಟಾಗಳ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಅಲ್ಯೂಮಿನಿಯಂ ಚಿಪ್ಪಿನ ಬಣ್ಣ ಬದಲಾಯಿಸಲು ಕಾಸ್ಟಿಕ್ ಸೋಡಾದಲ್ಲಿ ಅದ್ದುವವರಿದ್ದಾರೆ. ಹಳೆಯ ಬಣ್ಣದ ಪದರ ಹೋಗುತ್ತದೆ ನಿಜ. ಅದರ ಹಿಂದೆಯೇ ಅಲ್ಯೂಮಿನಿಯಮ್ಮೂ ಕರಗತೊಡಗಿ ಹೈಡ್ರೋಜನ್ ಏಳುತ್ತದೆ. ಮತ್ತೆ ಬಣ್ಣ ಹಿಡಿಸಲು ಗಂಧಕಾಮ್ಲದ ತೊಟ್ಟಿ, ವಿದ್ಯುತ್ತು, ಆಮೇಲೆ ಕುದಿನೀರು. ಅಪಾರ್ಟ್‌ಮೆಂಟಿನ ಯುಟಿಲಿಟಿಯಲ್ಲಿ ಮಾಡುವ ಕೆಲಸ ಇದಲ್ಲ. ಅನೋಡೈಸ್ ಮಾಡುವ ಅಂಗಡಿಗೆ ಕೊಡಿ.

ಕಾನೂನಿನ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತೀರಿ. ನಮ್ಮ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು, ಅದೂ ಮನೆ, ಕೃಷಿ, ಕೈಗಾರಿಕೆಯ ಬಳಕೆಗಲ್ಲದ್ದನ್ನು. ಈ ಜೇಬುಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಮೆಟ್ರೋ, ವಿಮಾನ, ನ್ಯಾಯಾಲಯದ ಬಾಗಿಲಲ್ಲಿ ಈ ವಾದ ನಡೆಯದು. ಬಿಚ್ಚಿದ ಚಾಕುವಿಗೆ ಕಂಪನಿಯ ಗ್ಯಾರಂಟಿಯೂ ಇಲ್ಲ. ಮಾರುವುದಾದರೆ ಬಿಚ್ಚಿ ಕಟ್ಟಿದ್ದು ಎಂದು ಹೇಳಿಯೇ ಮಾರಬೇಕು. ಸಂಗ್ರಹಕಾರರಿಗೆ ಅಪರೂಪದ ಕಾರ್ಖಾನೆ ಮಾದರಿ ಎಂದು ದಾಟಿಸುವುದು ಶುದ್ಧ ಮೋಸ.

ಇನ್ನೊಂದು ವಿನಂತಿ. 1961ಕ್ಕೂ ಹಿಂದಿನ ಸೈನಿಕರ ಚಾಕುವೋ, ಸ್ವಿಟ್ಜರ್ಲೆಂಡಿನದೇ ದೆಲೆಮಾನ್ ಊರಿನ ವೆಂಗರ್ ಕಂಪನಿಯ ಹಳೆಯ ಚಾಕುವೋ ಕೈಗೆ ಬಂದರೆ ಅರ ಮುಟ್ಟಿಸಬೇಡಿ. ವೆಂಗರನ್ನು 2005ರಲ್ಲಿ ವಿಕ್ಟೋರಿನಾಕ್ಸ್ ಕೊಂಡುಕೊಂಡಿತು. ಆ ಹೆಸರಿನ ಚಾಕು ಈಗ ತಯಾರಾಗುವುದಿಲ್ಲ. ಅವನ್ನು ಎಣ್ಣೆ ಹಚ್ಚಿ ಇಡಿ. ಒಡೆದು ಕಟ್ಟಲು ನಿನ್ನೆ ಮೊನ್ನೆಯ ಕೆಂಪು ಚಾಕುಗಳಿವೆ.

ಹತ್ತು ಪದರ ಪೇರಿಸಿ ಇಟ್ಟಿಗೆಯಷ್ಟು ದಪ್ಪ ಮಾಡುವ ಗೀಳು ಈ ಹವ್ಯಾಸದಲ್ಲಿ ಬಲವಾಗಿದೆ. ನೋಡಲು ಚೆಂದ, ಜೇಬಿಗೆ ಭಾರ. ನನ್ನ ಒಲವು ಕಳೆಯುವ ಕಡೆಗೆ: ಎರಡು ಪದರ, ಒಂದು ಅಲಗು, ಒಂದು ಗರಗಸ, ಬೆನ್ನಿಗೆ ದಬ್ಬಳ. ಕಾರ್ಕ್‌ಸ್ಕ್ರೂವನ್ನು ಮಾತ್ರ ಅವಸರದಲ್ಲಿ ಕಿತ್ತೆಸೆಯಬೇಡಿ. ಬಾಟಲಿ ತೆರೆಯದವರಿಗೂ ಬಿಗಿದ ಗಂಟು ಸಡಿಲಿಸಲು ಅದರಂಥದ್ದಿಲ್ಲ. ಕನ್ನಡಕದ ಸ್ಕ್ರೂ ತಿರುಗಿಸುವ ಪುಟ್ಟ ಸ್ಕ್ರೂಡ್ರೈವರ್ ಮನೆ ಮಾಡಿಕೊಂಡಿರುವುದೂ ಅದರ ಸುರುಳಿಯೊಳಗೇ.

ಈಗ ಮೇಜಿನ ಹತ್ತಿರ ಬನ್ನಿ. ಇಡೀ ಚಾಕು ಒಂದಿದೆ, ಟೇಪ್ ಇದೆ, ಬಿಸಿನೀರು ಫ್ಲಾಸ್ಕಿನಲ್ಲಿದೆ. ಮೊದಲ ಚಿಪ್ಪು ನಾನು ಎಬ್ಬಿಸಿ ತೋರಿಸುತ್ತೇನೆ, ಎರಡನೆಯದನ್ನು ನಿಮ್ಮಲ್ಲಿ ಯಾರಾದರೂ ಎಬ್ಬಿಸಿ.