ಗಟ್ಟಿ ಸ್ಟೀಲ್ ಒಳಗಿನಿಂದ ಯಾಕೆ ಒಡೆಯುತ್ತೆ?

[ಪರದೆ: ಮುರಿದ ವಾಲ್ವ್ ಸ್ಪ್ರಿಂಗ್‌ನ ಮುಖ. ದುಂಡನೆ ಗುರುತು, ನಡುವೆ ಕಪ್ಪು ಚುಕ್ಕೆ]

ಮೈಮೇಲೆ ಒಂದು ಗೀರಿಲ್ಲ, ಹೊರೆಯೂ ಲೆಕ್ಕದೊಳಗೇ ಇತ್ತು. ಆದರೂ ತುಂಡಾಗಿದೆ. ಮೀನಿನ ಕಣ್ಣಿನ ಹಾಗೆ ಕಾಣೋ ಈ ಗುರುತಿಗೆ ಹೆಸರೂ ಅದೇ, ಫಿಶ್-ಐ. ನಡುವಿನ ಚುಕ್ಕೆ ಇನ್‌ಕ್ಲೂಷನ್, ಅಂದರೆ ಉಕ್ಕಿನೊಳಗೆ ಸಿಕ್ಕಿಕೊಂಡ ಕಲ್ಮಶದ ಕಣ. ಕರಗಿದ ಉಕ್ಕಿನಿಂದ ಆಮ್ಲಜನಕ ತೆಗೆಯೋಕೆ ಅಲ್ಯೂಮಿನಿಯಂ ಹಾಕ್ತಾರೆ. ಎರಡೂ ಸೇರಿ ಹುಟ್ಟಿದ ಅಲ್ಯೂಮಿನಾ ಬಹುಪಾಲು ತೇಲಿ ಮೇಲಿನ ಸ್ಲ್ಯಾಗ್ (ಕಿಟ್ಟ) ಸೇರುತ್ತೆ, ಒಂದಿಷ್ಟು ಒಳಗೇ ಸಿಕ್ಕಿಕೊಳ್ಳುತ್ತೆ.

[ಪರದೆ: 1.6 × ಗಡಸುತನ]

ಮತ್ತೆ ಮತ್ತೆ ಬೀಳೋ ಹೊರೆಯನ್ನು ಉಕ್ಕು ಒಡೆಯದೆ ತಾಳೋ ಮಿತಿಗೆ ಫಟೀಗ್ ಮಿತಿ ಅಂತಾರೆ. ಅದು ವಿಕರ್ಸ್ ಗಡಸುತನದ (ವಜ್ರದ ಮೊನೆ ಒತ್ತಿ ಅಳೆಯೋ ಗಡಸುತನ) ಸುಮಾರು 1.6 ಪಟ್ಟು, ಮೆಗಾಪ್ಯಾಸ್ಕಲ್‌ನಲ್ಲಿ. ಗಡಸುತನ 400 ದಾಟಿದ ಮೇಲೆ ಈ ಲೆಕ್ಕ ಕೈಕೊಡುತ್ತೆ. ಆಗ ಬೇಕಾಗೋದು ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಯುಕಿತಾಕ ಮುರಾಕಾಮಿ ಅವರ ಸೂತ್ರ.

[ಪರದೆ: ಮಿತಿ = 1.56 × (ಗಡಸುತನ + 120) ÷ ಗಾತ್ರದ ಆರನೇ ಮೂಲ]

ಗಾತ್ರ ಅಂದರೆ ಕಲ್ಮಶದ ವ್ಯಾಸ ಅಲ್ಲ. ಎಳೆತದ ದಿಕ್ಕಿಗೆ ಅಡ್ಡಲಾಗಿ ನೋಡಿದಾಗ ಕಾಣುವ ವಿಸ್ತೀರ್ಣದ ವರ್ಗಮೂಲ, ಮೈಕ್ರಾನ್‌ನಲ್ಲಿ. ಎಳೆತ-ಒತ್ತಡ ಸಮಸಮ ಇದ್ದಾಗಿನ ಲೆಕ್ಕ ಇದು.

ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಇಎನ್-31 ಅಂತ ಕರೆಯೋ ಬೇರಿಂಗ್ ಸ್ಟೀಲ್ ತಗೊಳ್ಳಿ, ಗಡಸುತನ 700. ಹಳೇ ಲೆಕ್ಕದಲ್ಲಿ 1120 ಬರಬೇಕು. ಒಳಗೆ 30 ಮೈಕ್ರಾನ್ ಕಲ್ಮಶ ಇದ್ದರೆ ಬರೋದು ಸುಮಾರು 726 ಮಾತ್ರ! ಅದೇ ಚುಕ್ಕೆ ಮೇಲ್ಮೈಯನ್ನು ಒಳಗಿನಿಂದ ಮುಟ್ಟಿದ್ದರೆ 1.56 ಬದಲು 1.41 ಹಾಕಬೇಕು, ಉತ್ತರ 655ರ ಆಸುಪಾಸು. ಗಡಸುತನ 200ರ ಮೆದು ಉಕ್ಕಿನ ಒಳಗಿದ್ದರೆ 320ರಿಂದ 283ಕ್ಕೆ ಇಳಿಯುತ್ತೆ, ಅಷ್ಟೇ. ಹಾರ್ಡನಿಂಗ್‌ಗೆ ಕೊಟ್ಟ ದುಡ್ಡಿನ ಒಂದು ಪಾಲನ್ನು ಕಲ್ಮಶವೇ ನುಂಗಿತು ಅನ್ನಿ.

ಆರನೇ ಮೂಲ ಆದ್ದರಿಂದ ಗಾತ್ರ ಅರ್ಧ ಮಾಡಿದರೂ ಸಿಗೋ ಲಾಭ 12 ಶೇಕಡಾ.

ಇನ್ನೊಂದು ತೊಡಕು: ಸೋಲಿಸೋದು ಸರಾಸರಿ ಚುಕ್ಕೆಯಲ್ಲ, ಎಲ್ಲಕ್ಕಿಂತ ದೊಡ್ಡದು. ಆಮ್ಲಜನಕ 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 10 ಪಾಲು) ಕಡಿಮೆ ಅಂತ ಸರ್ಟಿಫಿಕೇಟ್ ಹೇಳಿದರೂ ದೊಡ್ಡದು ಎಷ್ಟಿದೆ ಅಂತ ಅದು ಹೇಳಲ್ಲ. ಪಾಲಿಶ್ ಮಾಡಿದ ಮುಖದಲ್ಲಿ ಒಂದೇ ಅಳತೆಯ ಹಲವು ಜಾಗ ನೋಡಿ, ಪ್ರತಿ ಜಾಗದ ಅತಿದೊಡ್ಡ ಚುಕ್ಕೆ ಅಳೆದು, ಗಂಬೆಲ್ ನಕ್ಷೆಯಲ್ಲಿ (ಅತಿದೊಡ್ಡ ಅಳತೆಗಳನ್ನು ಅಂದಾಜು ಮಾಡೋ ಸಂಖ್ಯಾಶಾಸ್ತ್ರದ ನಕ್ಷೆ) ಗುರುತು ಹಾಕಿದರೆ ಇಡೀ ಲಾಟ್‌ನಲ್ಲಿ ಎಷ್ಟು ದೊಡ್ಡದು ಇರಬಹುದು ಅಂತ ಅಂದಾಜು ಸಿಗುತ್ತೆ.

ಫಟೀಗ್ ಪರೀಕ್ಷೆಯನ್ನು 1 ಕೋಟಿ ಆವರ್ತಕ್ಕೆ (ಹೊರೆ ಅಷ್ಟು ಸಲ ಬಿದ್ದ ಮೇಲೆ) ನಿಲ್ಲಿಸೋದೂ ಸಾಲದು. 3000 ಆರ್‌ಪಿಎಂನ ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವ್ ಸ್ಪ್ರಿಂಗ್ ಅಷ್ಟನ್ನು 111 ಗಂಟೆಯಲ್ಲಿ ಮುಗಿಸುತ್ತೆ. ಫಿಶ್-ಐ ಒಡಕು ಅದರ ನಂತರವೂ ಬರುತ್ತೆ.

[ಪರದೆ: ಎರಡು ತುಂಡು, ಬೇರೆ ಬೇರೆ ಡಬ್ಬಿಯಲ್ಲಿ]

ಮುರಿದ ತುಂಡು ಕೈಗೆ ಸಿಕ್ಕರೆ ಜೋಡಿಸಿ ನೋಡಬೇಡಿ, ಮುಖ ಉಜ್ಜಿಹೋಗುತ್ತೆ. ಎರಡನ್ನೂ ಲ್ಯಾಬ್‌ಗೆ ಕೊಡಿ: ಕಲ್ಮಶ ಒಂದರಲ್ಲಿ ಉಳಿದು, ಇನ್ನೊಂದರಲ್ಲಿ ಬರೀ ಗುಳಿ ಇರಬಹುದು.